ಹಾವೂ ಸಾಯಬಾರದು, ಕೋಲೂ ಮುರಿಯಬಾರದು



ಇತ್ತೀಚೆಗೆ ಸಂಘದ ಕಾರ್ಯಕ್ರಮಗಳಲ್ಲಿ ನಿಮ್ಮನ್ನು ಕಂಡಾಗಲೆಲ್ಲ ಒಂದು ಸಂತೋಷದ ಸುದ್ದಿ ಕಿವಿಗೆ ಬೀಳುತ್ತಿದೆ. "ಆಂಟೀ, ಬಾಲ್ಕನಿಯಲ್ಲಿ ಟೊಮೆಟೊ ಬಿಟ್ಟಿದೆ" ಎಂದು ಒಬ್ಬಳು ಹೇಳುತ್ತಾಳೆ. "ಅಜ್ಜಿ ಮನೆಯಿಂದ ಬಸಳೆ ಗೆಲ್ಲು ತಂದು ನೆಟ್ಟಿದ್ದೇನೆ" ಎಂದು ಇನ್ನೊಬ್ಬ ಹೇಳುತ್ತಾನೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳ ಕೈಗೆ ಮಣ್ಣು ಹತ್ತಿದೆಯಲ್ಲ ಎಂದು ನಮ್ಮಂಥವರಿಗೆ ಹಿಗ್ಗು. ಆದರೆ ಮಣ್ಣು ಇದ್ದಲ್ಲಿ ಹುಳ ಇರುತ್ತದೆ, ಹುಳ ಇದ್ದಲ್ಲಿ ಕಪ್ಪೆ, ಕಪ್ಪೆ ಇದ್ದಲ್ಲಿ ಹಾವು. ಗಿಡ ನೆಡುವುದನ್ನು ಕಲಿಸುವವರು ಬೇಕಾದಷ್ಟು ಜನ ಇದ್ದಾರೆ. ಗಿಡದ ಬುಡದಲ್ಲಿ ಇರುವವರ ವಿಷಯ ಹೇಳುವವರು ಕಡಿಮೆ. ಅದಕ್ಕಾಗಿ ಈ ಲೇಖನ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿನ ಕಥೆಯೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎಲೆ ಗುಡ್ಡೆಯೊಳಗೆ ಕೈ

1993ರಲ್ಲಿ ಮದುವೆಯಾಗಿ ಹೊನ್ನಾವರದ ಕಡೆಯಿಂದ ಠಾಣೆಗೆ ಬಂದವಳು ನಾನು. ನಮ್ಮದು ಯೇವೂರಿನ ಗುಡ್ಡ ಕಾಣುವ ಹಳೆಯ ಸೊಸೈಟಿ, ನೆಲಮಹಡಿಯ ಮನೆ. ಅಡಿಗೆಮನೆಯ ಹಿಂದೆ ಕಂಪೌಂಡಿನವರೆಗೆ ಹತ್ತು ಹೆಜ್ಜೆ ಜಾಗ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದು ಯಾವ ಕೆಲಸಕ್ಕೂ ಬರಲಿಲ್ಲ, ಆಯಿಯ ಹಿತ್ತಿಲಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ದಾಸವಾಳ, ಕರಿಬೇವು, ಕೆಸು, ಒಂದು ನುಗ್ಗೆಮರ, ಎರಡು ಬಾಳೆ. ಬಿದ್ದ ಎಲೆ, ತೆಂಗಿನ ಸಿಪ್ಪೆ, ಬಾಳೆದಿಂಡು ಎಲ್ಲವನ್ನೂ ಗೋಡೆಯ ಮೂಲೆಗೆ ಗುಡ್ಡೆ ಹಾಕುತ್ತಿದ್ದೆ. ಕೊಳೆತರೆ ಗೊಬ್ಬರವಾಗುತ್ತದೆ ಎಂಬ ಲೆಕ್ಕ. ಆ ಗುಡ್ಡೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು.

2011ರ ಜೂನ್ ಕೊನೆಯ ಒಂದು ಭಾನುವಾರ. ಮಳೆ ಹಿಡಿದು ಎರಡು ವಾರವಾಗಿತ್ತು. ವಾರಕ್ಕೊಮ್ಮೆ ಬರುವ ಮಾಲಿ ಕಾಕಾಗೆ ಬುಡದ ಗೊಬ್ಬರ ತೆಗೆದು ದಾಸವಾಳಕ್ಕೆ ಹಾಕಲು ಹೇಳಿದೆ. ಅವರು ಗುದ್ದಲಿ ತರಲು ಹೊರಟರು. "ಅಷ್ಟಕ್ಕೇನು ಗುದ್ದಲಿ ಕಾಕಾ, ಕೈಯಲ್ಲೇ ಬರುತ್ತದೆ" ಎಂದವಳು ನಾನೇ. ಅವರು ಬಗ್ಗಿ ಕೈ ಹಾಕಿದರು, ಒಮ್ಮೆಲೇ ಹಿಂದಕ್ಕೆ ಎಳೆದುಕೊಂಡರು. ತೋರುಬೆರಳಿನ ಮೇಲೆ ಎರಡು ಸಣ್ಣ ರಕ್ತದ ಚುಕ್ಕೆ. ಸಿಪ್ಪೆಯ ಸಂದಿಯಲ್ಲಿ ಒಂದು ಗೇಣು ಉದ್ದದ ಮರಿ, ಕಂದು ಮೈ, ಬೆನ್ನಿನ ಮೇಲೆ ದುಂಡನೆಯ ಕಪ್ಪು ಗುರುತುಗಳ ಸಾಲು.

ವಾಚ್‌ಮನ್ ಓಡಿಬಂದು ನೋಡಿ, "ಅಜಗರ್ ಕಾ ಬಚ್ಚಾ ಹೈ ಭಾಭೀ, ಕುಛ್ ನಹೀ ಹೋತಾ" ಎಂದ. ಹೆಬ್ಬಾವಿನ ಮರಿಗೆ ವಿಷವಿಲ್ಲ ಎಂಬುದು ನನಗೂ ಗೊತ್ತಿತ್ತು. ಮನಸ್ಸು ಹಗುರಾಯಿತು. ಅರಿಶಿನ ತರಲು ಒಳಗೆ ಹೊರಟೆ. ಹನ್ನೊಂದನೆಯ ತರಗತಿಯಲ್ಲಿದ್ದ ಮಗಳು ಅಷ್ಟರಲ್ಲಿ ಹೊರಗೆ ಬಂದಳು. ದೂರದಿಂದಲೇ ನೋಡಿ, "ಅಮ್ಮ, ಇದು ಅಜಗರ್ ಅಲ್ಲ, ಘೋಣಸ್. ಶಾಲೆಯಲ್ಲಿ ಸರ್ಪಮಿತ್ರರು ಚಿತ್ರ ತೋರಿಸಿದ್ದರು, ಸರಪಳಿ ಹಾಗೆ ಗುರುತಿರುತ್ತದೆ. ಈಗಲೇ ಆಸ್ಪತ್ರೆಗೆ" ಎಂದಳು. ನಾನು ವಾದ ಮಾಡಿದೆ. ನಿಜ ಹೇಳುತ್ತೇನೆ, ಮೂರ್ನಾಲ್ಕು ನಿಮಿಷ ವಾದ ಮಾಡಿದೆ. ಅಷ್ಟರಲ್ಲಿ ಬೆರಳು ಬಾಳೆಕಾಯಿಯಂತೆ ಊದಿತು, ಚುಕ್ಕೆಯಿಂದ ರಕ್ತ ಜಿನುಗುವುದು ನಿಲ್ಲಲಿಲ್ಲ.

ವಾಚ್‌ಮನ್ ಟವೆಲು ಹರಿದು ತೋಳಿಗೆ ಬಿಗಿಯಲು ಬಂದ. ಮಗಳು ಬಿಡಲಿಲ್ಲ. ಬೆರಳಿನ ತಾಮ್ರದ ಉಂಗುರ ತೆಗೆಸಿದಳು, ನನ್ನ ಓಢಣಿಯಲ್ಲಿ ಕೈಯನ್ನು ಜೋಳಿಗೆಯಂತೆ ಕಟ್ಟಿ ಅಲುಗದಂತೆ ಮಾಡಿದಳು. ಕಾಕಾರನ್ನು ನಡೆಸದೆ ಕುರ್ಚಿಯಲ್ಲಿ ಕೂರಿಸಿ ಗೇಟಿನವರೆಗೆ ಎತ್ತಿಕೊಂಡು ಹೋಗಿ ರಿಕ್ಷಾದಲ್ಲಿ ಸರಕಾರಿ ಆಸ್ಪತ್ರೆಗೆ ಒಯ್ದೆವು.

ಅಲ್ಲಿ ಡಾಕ್ಟರರು ಮಾಡಿದ ಮೊದಲ ಪರೀಕ್ಷೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸ್ವಲ್ಪ ರಕ್ತ ತೆಗೆದು ಒಂದು ಗಾಜಿನ ನಳಿಕೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ಆರೋಗ್ಯವಂತರ ರಕ್ತ ಅಷ್ಟರಲ್ಲಿ ಹೆಪ್ಪುಗಟ್ಟಬೇಕು. ನಳಿಕೆ ವಾಲಿಸಿದಾಗ ಕಾಕಾರ ರಕ್ತ ನೀರಿನ ಹಾಗೆ ಹರಿಯಿತು. ಕೊಳಕುಮಂಡಲದ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಆಮೇಲೆ ಮೂತ್ರಪಿಂಡಕ್ಕೂ ಇಳಿಯುತ್ತದೆ. ಕೂಡಲೇ ಡ್ರಿಪ್‌ನಲ್ಲಿ ವಿಷನಿರೋಧಕ ಔಷಧದ ಹತ್ತು ಸೀಸೆ ಕೊಟ್ಟರು. ಆರು ದಿನ ಆಸ್ಪತ್ರೆ. ಬದುಕಿದರು. ಆದರೆ ತೋರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಗಣೇಶ ಚೌತಿ ಕಳೆದ ಮೇಲೆ ಕೆಲಸಕ್ಕೆ ಬಂದರು. ಎರಡು ತಿಂಗಳ ಸಂಬಳವನ್ನು ನಾವು ಕೊಟ್ಟೆವೆನ್ನಿ, ಉಳಿದ ಮನೆಗಳ ಕೆಲಸದಲ್ಲಿ ಅರ್ಧ ಕೈತಪ್ಪಿ ಹೋಗಿತ್ತು. ನಾನು ಕ್ಷಮೆ ಕೇಳಲು ಹೋದರೆ, "ವಹಿನಿ, ಕೈ ಹಾಕಿದ್ದು ನಾನಲ್ಲವೇ" ಎಂದುಬಿಟ್ಟರು. ಅದು ಅವರ ದೊಡ್ಡತನ. ಗುಡ್ಡೆ ಮಾಡಿದ್ದು ನಾನು, ಗುದ್ದಲಿ ಬೇಡವೆಂದದ್ದು ನಾನು, ಹಾವು ಯಾವುದೆಂದು ತಿಳಿಯದೆ ಸುಮ್ಮನಿರಲು ಹೊರಟವಳೂ ನಾನು.

ನಾಲ್ಕು ಹಾವು, ಎರಡು ಭಾಷೆ

ನೀವು ಮರಾಠಿ ಶಾಲೆಯ ಗೆಳೆಯರೊಂದಿಗೆ ಬೆಳೆದವರು, ಅಜ್ಜ ಅಜ್ಜಿ ಕನ್ನಡದಲ್ಲಿ ಹೇಳುತ್ತಾರೆ. ಹಾವಿನ ಹೆಸರು ಎರಡೂ ಭಾಷೆಯಲ್ಲಿ ಗೊತ್ತಿರಲಿ. ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ, ಹೆಚ್ಚಿನವಕ್ಕೆ ವಿಷವಿಲ್ಲ. ಅತಿ ಹೆಚ್ಚು ಸಾವಿಗೆ ಕಾರಣವಾಗುವವು ಮುಖ್ಯವಾಗಿ ನಾಲ್ಕು.

ನಾಗರಹಾವು, ಮರಾಠಿಯಲ್ಲಿ ನಾಗ್. ಹೆಡೆ ಎತ್ತಿ ತಾನಾಗಿಯೇ ಎಚ್ಚರಿಕೆ ಕೊಡುತ್ತದೆ.

ಕಟ್ಟುಹಾವು ಅಥವಾ ಕಡಂಬಳ, ಮರಾಠಿಯಲ್ಲಿ ಮಣ್ಯಾರ್. ಕಪ್ಪು ಮೈ, ತೆಳುವಾದ ಬಿಳಿ ಪಟ್ಟೆ. ಇದು ರಾತ್ರಿಯ ಹಾವು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಹಲವು ಸಲ ನೋವೂ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಆಮೇಲೆ ಉಸಿರು ಕಟ್ಟುವುದು. ರಜೆಯಲ್ಲಿ ಊರಿಗೆ ಹೋದಾಗ ಜಗಲಿಯ ಮೇಲೆ ಬರಿಯ ಚಾಪೆ ಹಾಸಿ ಮಲಗುವ ಖುಷಿ ನನಗೂ ಗೊತ್ತು. ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗಿ.

ಕೊಳಕುಮಂಡಲ, ಮರಾಠಿಯಲ್ಲಿ ಘೋಣಸ್. ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂಥ ಗುರುತು. ಸಿಟ್ಟು ಬಂದರೆ ಕುಕ್ಕರ್ ಹಬೆ ಬಿಟ್ಟಂತೆ ಬುಸುಗುಡುತ್ತದೆ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಅದೂ ಮಳೆಗಾಲದ ಆರಂಭದ ಹೊತ್ತಿಗೆ, ಡಜನುಗಟ್ಟಲೆ. ಹುಟ್ಟಿದ ಮರಿಗೂ ವಿಷವಿದೆ. ಹೆಬ್ಬಾವಿನ ಮರಿಯೆಂದು ಜನ ಕೈಯಲ್ಲಿ ಹಿಡಿಯುವುದು ಇದನ್ನೇ.

ಗರಗಸ ಮಂಡಲ, ಮರಾಠಿಯಲ್ಲಿ ಫುರ್ಸೆ. ಚಿಕ್ಕದು. ಮೈಯನ್ನು ಮೈಗೆ ಉಜ್ಜಿ ಗರಗಸದ ಹಾಗೆ ಸದ್ದು ಮಾಡುತ್ತದೆ. ಕೊಂಕಣದ ಕಲ್ಲುಗಾಡು ಪ್ರದೇಶದಲ್ಲಿ ಬಹಳ.

ಇವುಗಳ ಜೊತೆ ಒಬ್ಬ ನಿರಪರಾಧಿಯನ್ನೂ ಪರಿಚಯ ಮಾಡಿಕೊಳ್ಳಿ. ಕೇರೆಹಾವು, ಮರಾಠಿಯ ಧಾಮಣ್. ಉದ್ದ ಕಂಡು ನಾಗರವೆಂದು ಹೊಡೆದು ಹಾಕುತ್ತಾರೆ. ವಿಷವಿಲ್ಲ, ಇಲಿ ತಿನ್ನುವುದೇ ಇದರ ಉದ್ಯೋಗ.

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಪಾಲು ಹಳ್ಳಿಯವರು, ಹೊಲದಲ್ಲಿ ಕೆಲಸ ಮಾಡುವವರು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿತು. ಅದೇ ವರ್ಷ ಕೇಂದ್ರ ಸರಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆಯನ್ನು ಪ್ರಕಟಿಸಿತು.

ಮಂತ್ರವೋ ಮದ್ದೋ?

ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಊರಿನಲ್ಲಿ ಹುಲ್ಲು ಕೊಯ್ಯಲು ಬಂದ ಒಬ್ಬಾತನಿಗೆ ಹಾವು ಕಚ್ಚಿತು. ಪೇಟೆಗೆ ಬಸ್ಸಿತ್ತು. ಆದರೂ ಮೊದಲು ಮಂತ್ರ ಹಾಕುವವರ ಮನೆಗೆ ಒಯ್ದರು. ಅಲ್ಲಿ ಎರಡು ತಾಸು ಕಳೆಯಿತು. ಆಸ್ಪತ್ರೆ ಮುಟ್ಟುವಾಗ ಉಸಿರಿರಲಿಲ್ಲ. ಮಂತ್ರ ಹಾಕುವವರು ಕೆಟ್ಟವರೇನಲ್ಲ, ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಕೈಗುಣದಿಂದ ಬದುಕಿದೆವು ಎನ್ನುವವರು ಹತ್ತಾರು ಮಂದಿ ಇದ್ದರು. ಅದರ ಗುಟ್ಟು ಇಷ್ಟೇ: ಹೆಚ್ಚಿನ ಕಡಿತ ವಿಷವಿಲ್ಲದ ಹಾವಿನದು. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಂತ್ರ ಹಾಕದಿದ್ದರೂ ಬದುಕುತ್ತಿದ್ದರು. ವಿಷ ಏರಿದವನಿಗೆ ಬೇಕಾದದ್ದು ಔಷಧ ಒಂದೇ.

ಈ ಔಷಧ ಬರುವುದು ಹೇಗೆಂದು ಕೇಳಿ. ಹಾವಿನ ವಿಷ ತೆಗೆದು, ಅಪಾಯವಾಗದ ಪ್ರಮಾಣದಲ್ಲಿ ಕುದುರೆಗೆ ಕೊಡುತ್ತ ಹೋಗುತ್ತಾರೆ. ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಮೇಲಿನ ನಾಲ್ಕೂ ಹಾವಿಗೆ ಒಂದೇ ಔಷಧ. ಆದ್ದರಿಂದ ಕಚ್ಚಿದ ಹಾವನ್ನು ಹಿಡಿದೋ ಕೊಂದೋ ಡಾಕ್ಟರಿಗೆ ತೋರಿಸುವ ಅಗತ್ಯವಿಲ್ಲ. ವಿಷ ತೆಗೆಯುವ ಕೆಲಸದಲ್ಲಿ ತಮಿಳುನಾಡಿನ ಇರುಳರದು ದೊಡ್ಡ ಪಾಲು. ಹಿಂದೆ ಹಾವಿನ ಚರ್ಮಕ್ಕಾಗಿ ಬೇಟೆಯಾಡುತ್ತಿದ್ದ ಈ ಜನ 1978ರಲ್ಲಿ ಮದರಾಸಿನ ಬಳಿ ಸಹಕಾರ ಸಂಘ ಕಟ್ಟಿಕೊಂಡು, ಹಾವು ಹಿಡಿದು ವಿಷ ತೆಗೆದು ಮತ್ತೆ ಕಾಡಿಗೆ ಬಿಡತೊಡಗಿದರು. 2023ರಲ್ಲಿ ಅವರಲ್ಲಿ ಇಬ್ಬರಿಗೆ, ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ, ಪದ್ಮಶ್ರೀ ಬಂತು.

ಕಚ್ಚಿದರೆ ಮಾಡಬೇಕಾದದ್ದು: ಹಾವಿನಿಂದ ದೂರ ಸರಿಯಿರಿ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಳ್ಳಿ. ಓಡಬೇಡಿ, ನಡೆಯಲೂಬೇಡಿ, ಯಾರಾದರೂ ಎತ್ತಿಕೊಂಡು ಹೋಗಲಿ. 108ಕ್ಕೆ ಫೋನ್ ಮಾಡಿ, ಅದು ತಡವಾಗುವುದಾದರೆ ಸಿಕ್ಕ ವಾಹನ ಹತ್ತಿ. ಮಾಡಬಾರದ್ದು: ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು, ಐಸ್ ಇಡುವುದು, ಅರಿಶಿನ ಮೆತ್ತುವುದು. ಸಿನೆಮಾದಲ್ಲಿ ನಾಯಕ ವಿಷ ಹೀರಿ ಉಗುಳುತ್ತಾನೆ. ಸಿನೆಮಾದಲ್ಲಿ ಅವನು ಹತ್ತು ಜನರನ್ನು ಒಬ್ಬನೇ ಹೊಡೆಯುತ್ತಾನೆ ಕೂಡ.

ಚೇಳಿನ ಊರಿನ ಡಾಕ್ಟರು

ಕೊಂಕಣದ ಕೆಂಪು ಚೇಳನ್ನು ಹಗುರವಾಗಿ ಎಣಿಸಬೇಡಿ. ದೊಡ್ಡ ಕರಿಚೇಳು ಕಂಡರೆ ಹೆದರಿಕೆ, ಆದರೆ ಹೆಚ್ಚು ಅಪಾಯ ಈ ಸಣ್ಣ ಕೆಂಪು ಚೇಳಿನಿಂದ, ಅದರಲ್ಲೂ ಮಕ್ಕಳಿಗೆ. ಕುಟುಕಿದ ಮೇಲೆ ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಹೃದಯಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು, ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಇದಕ್ಕೆ ರಾಮಬಾಣವೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ವಿಲಾಯತಿನ 'ಲ್ಯಾನ್ಸೆಟ್' ಪತ್ರಿಕೆ ಅವರ ಬರಹಗಳನ್ನು ಪ್ರಕಟಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರಕಿತು. ಹಳ್ಳಿಯ ಡಾಕ್ಟರೊಬ್ಬರು ಜಗತ್ತಿಗೆ ಪಾಠ ಹೇಳಿದ ಈ ಕಥೆಯನ್ನು ನಿಮ್ಮಲ್ಲಿ ವೈದ್ಯಕೀಯ ಓದುತ್ತಿರುವವರು ಅಗತ್ಯವಾಗಿ ತಿಳಿದುಕೊಳ್ಳಬೇಕು.

ಕುಂಡ ಎತ್ತುವ ಮುಂಚೆ ಅದನ್ನು ನಿಮ್ಮಿಂದ ಆಚೆಗೆ ವಾಲಿಸಿ ಅಡಿ ನೋಡಿ. ಹೊರಗಿಟ್ಟ ಶೂ, ಕೈಗವಸುಗಳನ್ನು ಕೊಡವಿ ಹಾಕಿಕೊಳ್ಳಿ. ಚೇಳಿನ ಮೈ ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ನೋಟು ಪರೀಕ್ಷೆಗೆ ಸಿಗುವ ಸಣ್ಣ ನೇರಳೆ ಟಾರ್ಚು ಸಾಕು, ಊರಿನ ಕಲ್ಲುಗೋಡೆಯ ಮೇಲೆ ರಾತ್ರಿ ಹಿಡಿದು ನೋಡಿ.

ನಾಲ್ಕನೇ ಮಹಡಿಯವರಿಗೂ ತಪ್ಪಿದ್ದಲ್ಲ

"ನಾವು ನಾಲ್ಕನೇ ಮಹಡಿಯಲ್ಲಿದ್ದೇವೆ, ಹಾವು ಚೇಳು ನಮಗೆಲ್ಲಿ" ಎನ್ನಬೇಡಿ. ಎಲ್ಲಕ್ಕಿಂತ ದೊಡ್ಡ ಅಪಾಯ ಕುಂಡದ ತಟ್ಟೆಯಲ್ಲಿರುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು, ಅದಕ್ಕೆ ಬೇಕಾದದ್ದು ಒಂದು ಚಮಚ ನಿಂತ ನೀರು. ಅದರ ಮೊಟ್ಟೆ ತಟ್ಟೆಯ ಬದಿಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ನಮ್ಮ ಮನೆಯಲ್ಲಿ ಶನಿವಾರ ಈ ಕೆಲಸಕ್ಕೆ ಮೀಸಲು.

ನೆಲದ ಮೇಲೆ ಗಿಡ ಇರುವವರಿಗೆ ಇಲಿಯ ಕಾಟ. ಇಲಿಯ ಮೂತ್ರ ಬಿದ್ದ ನೀರು, ಕೆಸರಿನಿಂದ ಲೆಪ್ಟೊಸ್ಪೈರೋಸಿಸ್ ಜ್ವರ ಬರುತ್ತದೆ. ಕಾಲಿನ ಒಂದು ಸಣ್ಣ ಗೀರು ಸಾಕು ಒಳಗೆ ಹೋಗಲು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ನಿಮ್ಮಲ್ಲಿ ಹಲವರು ಹುಟ್ಟಿರಲಿಲ್ಲ. ಆ ನೆರೆ ಇಳಿದ ಮೇಲೆ ಈ ಜ್ವರ ಊರಿಡೀ ಹಬ್ಬಿತು, ನೆರೆಯಿಂದ ಉಳಿದವರು ಜ್ವರಕ್ಕೆ ಹೋದರು. ಮಳೆಗಾಲದಲ್ಲಿ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ "ಕೆಸರಿನಲ್ಲಿ ಕೆಲಸ ಮಾಡಿದ್ದೆ" ಎಂದು ಬಾಯಿಬಿಟ್ಟು ಹೇಳಿ.

ಇನ್ನು ಅಂಗೈ ಅಗಲದ ಬಸವನಹುಳು. ಇದು ನಮ್ಮ ದೇಶದ್ದಲ್ಲ, ಆಫ್ರಿಕದ್ದು. 1847ರಲ್ಲಿ ಒಬ್ಬ ಇಂಗ್ಲಿಷ್ ಹವ್ಯಾಸಿ ತಂದು ಕಲಕತ್ತೆಯ ತೋಟದಲ್ಲಿ ಬಿಟ್ಟನಂತೆ. ಅಲ್ಲಿಂದ ದೇಶವೆಲ್ಲ ಹರಡಿ ಇವತ್ತು ನನ್ನ ಕೆಸುವಿನ ಎಲೆ ತಿನ್ನುತ್ತಿದೆ! ಇದರ ಮೈಯಲ್ಲಿ ಮಿದುಳಿನ ಪೊರೆಗೆ ಉರಿಯೂತ ತರುವ ಒಂದು ಜಾತಿಯ ಹುಳ ಇರಬಹುದು. ಮಕ್ಕಳು ಆಡಲು ಎತ್ತಿಕೊಳ್ಳುವುದು ಬೇಡ. ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿಗೆ ಹಾಕಿ, ಅದು ಹರಿದಾಡಿದ ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ.

ನುಗ್ಗೆಮರದ ಕಂಬಳಿಹುಳುವಿನ ಕೂದಲು ಚರ್ಮಕ್ಕೆ ಚುಚ್ಚಿದರೆ ಕೆರೆಯಬೇಡಿ, ಕೆರೆದಷ್ಟೂ ಒಳಗೆ ಹೋಗುತ್ತದೆ. ಅಂಟುಪಟ್ಟಿಯನ್ನು ಒತ್ತಿ ಕಿತ್ತರೆ ಕೂದಲು ಅದಕ್ಕೇ ಅಂಟಿ ಬರುತ್ತದೆ. ಹೆಜ್ಜೇನು ಎದ್ದರೆ ಕೈ ಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಮುಚ್ಚಿದ ಕೋಣೆಗೆ ಓಡಿ. ಚರ್ಮದಲ್ಲಿ ಉಳಿದ ಕೊಂಡಿಯನ್ನು ಬೇಗ ಕೆರೆದು ತೆಗೆಯಿರಿ. ಉಸಿರಾಟಕ್ಕೆ ತೊಂದರೆ, ತುಟಿ ಊದುವುದು ಕಂಡರೆ ಆಸ್ಪತ್ರೆಗೆ. ಗಿಡ ಕೆದರುವ ಬೆಕ್ಕು, ನಾಯಿ, ಮಂಗ ಪರಚಿದರೆ ಅಥವಾ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ವಿರಳ, ಲಕ್ಷಣಕ್ಕೆ ಮುಂಚೆ ಲಸಿಕೆ ಕಾಪಾಡುತ್ತದೆ.

ಗಾದೆ ತಿದ್ದಿಕೊಂಡೆ

ಅಂದು ನಾವು ಆಸ್ಪತ್ರೆಯಲ್ಲಿದ್ದಾಗ ಸೊಸೈಟಿಯ ಗಂಡಸರು ದೊಣ್ಣೆ ಹಿಡಿದು ಗುಡ್ಡೆಯ ಸುತ್ತ ನಿಂತಿದ್ದರಂತೆ. ಸರ್ಪಮಿತ್ರನೊಬ್ಬ ಬಂದು ಆ ಮರಿಯ ಜೊತೆ ಇನ್ನೂ ನಾಲ್ಕನ್ನು ಹಿಡಿದು ಒಯ್ದ. ನಾಲ್ಕು! ನಾನು ದಿನಾ ಬೆಳಿಗ್ಗೆ ಬರಿಗಾಲಲ್ಲಿ ಹೂ ಕೊಯ್ಯಲು ಹೋಗುತ್ತಿದ್ದದ್ದು ಅದೇ ಮೂಲೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಹಾವು ಕೊಲ್ಲುವುದು ಅಪರಾಧ. ಕಾಯ್ದೆಯ ಮಾತು ಬಿಡಿ, ಹೊಡೆಯಲು ಹೋದವರೇ ಕಚ್ಚಿಸಿಕೊಳ್ಳುವುದು ಹೆಚ್ಚು. ನಾಗರಪಂಚಮಿಯಂದು ಕಲ್ಲಿಗೆ ತನಿ ಎರೆದು ಮರುದಿನ ಜೀವಂತ ಹಾವಿಗೆ ದೊಣ್ಣೆ ಎತ್ತುವವರು ನಾವು. ಇಲಿ ಇರುವ ತನಕ ಹಾವು ಬರುತ್ತದೆ, ಕಸ ಇರುವ ತನಕ ಇಲಿ ಇರುತ್ತದೆ. ಕೊಲ್ಲಬೇಕಾದದ್ದು ಹಾವನ್ನಲ್ಲ, ಕಸವನ್ನು.

"ಹಾವೂ ಸಾಯಬೇಕು, ಕೋಲೂ ಮುರಿಯಬಾರದು" ಎಂದು ಹಿರಿಯರ ಗಾದೆ. ನಮ್ಮ ಮನೆಯಲ್ಲಿ ಅದನ್ನು ಸ್ವಲ್ಪ ತಿದ್ದಿಕೊಂಡಿದ್ದೇವೆ. ಎಲೆಗುಡ್ಡೆ ಈಗ ಗೋಡೆಯಿಂದ ದೂರ, ಮುಚ್ಚಳವಿರುವ ಡ್ರಮ್ಮಿನಲ್ಲಿದೆ. ಬಾಗಿಲ ಹಿಂದೆ ಒಂದು ಉದ್ದ ಕೋಲು, ಟಾರ್ಚು, ಗಂಬೂಟು, ಎರಡು ಜೊತೆ ದಪ್ಪ ಕೈಗವಸು ಇವೆ. ಒಂದು ಜೊತೆ ನನಗೆ, ಇನ್ನೊಂದು ಕಾಕಾಗೆ. ಕೋಲು ಹೊಡೆಯಲಿಕ್ಕಲ್ಲ, ಕೈ ಹಾಕುವ ಮುಂಚೆ ನೆಲ ಬಡಿದು ಸದ್ದು ಮಾಡಲಿಕ್ಕೆ. ನಿಮ್ಮ ಮನೆಗೆ ಬರುವ ಮಾಲಿಗೂ ಕೆಲಸದ ಬಾಯಿಗೂ ಒಂದು ಜೊತೆ ಕೈಗವಸು ತೆಗೆದುಕೊಡಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ಔಷಧ ಇದೆಯೆಂದು ಇವತ್ತೇ ಫೋನ್ ಮಾಡಿ ಕೇಳಿ, ನಿಮ್ಮ ಊರಿನ ಅಜ್ಜಿ ಮನೆಯ ಹತ್ತಿರದ್ದನ್ನೂ ಕೇಳಿ, ಎರಡನ್ನೂ ಗೋಡೆಗೆ ಅಂಟಿಸಿ.

ಇಷ್ಟೆಲ್ಲ ಓದಿ ಹೆದರಿ ಗಿಡ ಬಿಟ್ಟೀರಿ ಮತ್ತೆ! ಮಾಲಿ ಕಾಕಾಗೆ ಈಗ ಅರವತ್ತೈದು ದಾಟಿದೆ, ಆ ಮಡಚದ ಬೆರಳಿನಲ್ಲೇ ನನಗಿಂತ ಚೆನ್ನಾಗಿ ಕಸಿ ಕಟ್ಟುತ್ತಾರೆ. ದಾಸವಾಳದ ಗೆಲ್ಲು ಬೇಕಾದವರು ನಮ್ಮ ಮನೆಗೆ ಬನ್ನಿ, ಕಾಫಿ ಕುಡಿದು ಹೋಗುವಿರಂತೆ. ಹಿತ್ತಿಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡೇ ಬನ್ನಿ.